ಬಾಲದ ದೋಣಿ

ಜೋಡಿ ದೋಣಿಯಲ್ಲಿ ಮುಂದೆ ಕೂತವರಿಗೆ ಹಿಂದೆ ಕೂತವರು ಕಾಣುವುದಿಲ್ಲ. ನನಗೆ ನನ್ನ ತಂಗಿ ಕಿವಿಗೆ ಮಾತ್ರ ಸಿಗುತ್ತಿದ್ದಳು. ಅವಳ ಹುಟ್ಟು ನೀರಿಗಿಳಿಯುವ ಸದ್ದು, ಮೇಲೆದ್ದಾಗ ಅದರ ಅಂಚಿನಿಂದ ಹನಿ ಉದುರುವ ಸದ್ದು, ಆಮೇಲೆ ಅವಳ ಉಸಿರು. ಈ ಮೂರೂ ಒಂದರ ಹಿಂದೊಂದು ಬರುತ್ತಿದ್ದರೆ ನನಗೆ ನೆಮ್ಮದಿ. ಒಂದು ತಡವಾದರೂ ಬೆನ್ನು ಸೆಟೆದುಕೊಳ್ಳುತ್ತಿತ್ತು. ತಿರುಗಿ ನೋಡೋಣವೆಂದರೆ ದೋಣಿ ವಾಲುತ್ತದೆ. ಅದಕ್ಕಿಂತ ಮೊದಲು ಅವಳಿಗೆ ಸಿಟ್ಟು ಬರುತ್ತದೆ.

"ಏನ್ ನೋಡ್ತೀಯಾ ಹಿಂದೆ? ನಾನೇನ್ ಇಳಿದು ಓಡಿಹೋಗ್ತೀನಾ?"

ನಮ್ಮ ದೋಣಿ ಕ್ಲಬ್ಬಿನಲ್ಲಿ ಅವಳನ್ನು ಎಲ್ಲರೂ ಕರೆಯುವುದು ಡ್ರೈವರಮ್ಮ ಎಂದು. ಅರ್ಧ ಆಯಸ್ಸು ಬಸ್ಸು ಓಡಿಸಿದವಳು. ಒಂದು ಸಂಜೆ ಡಿಪೋದೊಳಗೆ ಬಸ್ಸು ತಿರುಗಿಸುವಾಗ ತಲೆ ಸುತ್ತಿ ಬಂದು, ಬಸ್ಸು ಮೆಲ್ಲಗೆ ಹೋಗಿ ಗೋಡೆಗೆ ಒರಗಿತು. ಯಾರಿಗೂ ಏನೂ ಆಗಲಿಲ್ಲ, ಒಂದು ದೀಪ ಒಡೆಯಿತು ಅಷ್ಟೆ. ಆದರೂ ಡಿಪೋದವರು ಚಾವಿ ತೆಗೆದುಕೊಂಡರು. ಆ ದಿನ ಮನೆಗೆ ಬಂದವಳು ಊಟದ ತಟ್ಟೆಯನ್ನು ಎರಡು ಕೈಯಲ್ಲೂ ಹಿಡಿದುಕೊಂಡು, ಸ್ಟೇರಿಂಗ್ ಹಿಡಿದ ಹಾಗೆ, ತಿನ್ನದೆ ಕೂತಿದ್ದಳು. ನಾನು ನೀರಿನ ಲೋಟ ತಂದು ಪಕ್ಕದಲ್ಲಿಟ್ಟೆ. ನನಗೆ ಮಾತು ಕಡಿಮೆ. ಮೂರನೇ ಕ್ಲಾಸಿಗೇ ಶಾಲೆ ಬಿಟ್ಟು ಲಾಂಡ್ರಿ ಸೇರಿದವಳು ನಾನು. ಇಸ್ತ್ರಿಯ ಹಬೆಯೊಳಗೆ ನಿಂತು ಮಾತಾಡಿದರೆ ಬಾಯಿ ಒಣಗುತ್ತದೆ, ಹಾಗಾಗಿ ಸುಮ್ಮನಿರುವುದೇ ರೂಢಿಯಾಯಿತು.

ದೋಣಿ ಕ್ಲಬ್ಬಿಗೆ ಸೇರೋಣ ಎಂದವಳು ಅವಳೇ. ಜೋಡಿ ಬೇಕು ಎಂದು ನನ್ನನ್ನೂ ಎಳೆದುಕೊಂಡು ಹೋದಳು. ಹಿಂದೆ ಕೂತವರು ದಿಕ್ಕು ಹಿಡಿಯಬೇಕು, ಮುಂದೆ ಕೂತವರು ಸುಮ್ಮನೆ ಹುಟ್ಟು ಹಾಕಬೇಕು ಎಂದು ಮೊದಲ ದಿನ ಹೇಳಿಕೊಟ್ಟರು. ಯಾರು ಎಲ್ಲಿ ಕೂರಬೇಕೆಂದು ನಮ್ಮಿಬ್ಬರಿಗೆ ಯಾರೂ ಹೇಳಬೇಕಾಗಲಿಲ್ಲ. ಆ ಹಿಂದಿನ ಹಲಗೆಯ ಮೇಲೆ ಕೂತು ದೋಣಿಯನ್ನು ಒಮ್ಮೆ ಎಡಕ್ಕೆ ಒಮ್ಮೆ ಬಲಕ್ಕೆ ತಿರುಗಿಸಿದಾಗ ಅವಳು ನಕ್ಕಿದ್ದು ನನಗೆ ಕೇಳಿಸಿತು. ಚಾವಿ ಹೋದಮೇಲೆ ಮೊದಲ ಸಲ.

ಆ ಭಾನುವಾರ ಬೆಳಿಗ್ಗೆ ಕ್ಲಬ್ಬಿನ ಮುಖ್ಯಸ್ಥೆ ಕೆಂಪು ಬಟ್ಟೆಯನ್ನು ನಮಗೆ ಕೊಟ್ಟಳು. ಅವಳು ಹಲ್ಲಿನ ಡಾಕ್ಟರು. ವಾರವೆಲ್ಲ ಬೇರೆಯವರ ಬಾಯಿ ತೆರೆಸುತ್ತಾಳೆ, ಭಾನುವಾರ ನಮ್ಮ ಬಾಯಿ ಮುಚ್ಚಿಸುತ್ತಾಳೆ ಎಂದು ನಮ್ಮ ಜೊತೆ ದೋಣಿಗೆ ಬರುವ ಬೇಕರಿಯವನು ತಮಾಷೆ ಮಾಡುತ್ತಿದ್ದ.

"ಡ್ರೈವರಮ್ಮ, ಇವತ್ತು ಬಾಲ ನಿಮ್ದು" ಎಂದಳು.

ನಮ್ಮ ಕ್ಲಬ್ಬಿನಲ್ಲಿ ದೋಣಿಗಳೆಲ್ಲ ಸಾಲಾಗಿ ಹೋಗುತ್ತವೆ. ಮೊದಲನೆಯದರಲ್ಲಿ ಡಾಕ್ಟರು. ಕೊನೆಯದರ ಹಿಂತುದಿಗೆ ಕೆಂಪು ಬಟ್ಟೆ, ಅದು ಬಾಲದ ದೋಣಿ. ಬಾಲದ ಹಿಂದೆ ಯಾರೂ ಉಳಿಯಬಾರದು, ಬಾಲ ಯಾರನ್ನೂ ದಾಟಬಾರದು. ಮುಂದಿನವರು ನಿಂತರೆ ನಿಲ್ಲಬೇಕು, ಎಷ್ಟು ಹೊತ್ತಾದರೂ ಸರಿ. ಬಾಲ ದಡ ಮುಟ್ಟಿತೆಂದರೆ ಎಲ್ಲರೂ ಬಂದಂತೆ. ಕೈಲಾಗದವರಿಗೆ ಬಾಲ ಕೊಡುವುದಿಲ್ಲ.

"ಇವತ್ತು ಸರಿಯಾಗಿ ತಂದ್ರೆ ನದಿ ಪ್ರಯಾಣಕ್ಕೂ ಬಾಲ ನಿಮ್ದೇ" ಎಂದಳು ಡಾಕ್ಟರು. ನದಿ ಪ್ರಯಾಣವೆಂದರೆ ಬೇಸಿಗೆಯ ದೊಡ್ಡ ಪ್ರಯಾಣ, ರಾತ್ರಿ ದಡದಲ್ಲಿ ತಂಗಿ ಮರುದಿನ ಮುಂದೆ ಹೋಗುವಂಥದ್ದು. ಮತ್ತೆ ದನಿ ತಗ್ಗಿಸಿ ಕೇಳಿದಳು, "ತಲೆಸುತ್ತು ಗಿಲೆಸುತ್ತು ಏನೂ ಇಲ್ವಲ್ಲ ಈಗ?"

"ಅದೆಲ್ಲ ಬಸ್ಸಿನ ಜೊತೇನೇ ಹೋಯ್ತು ಡಾಕ್ಟ್ರೇ" ಎಂದು ನಕ್ಕಳು ತಂಗಿ. ನನ್ನ ಕಡೆ ನೋಡಲಿಲ್ಲ.

ಹೋಗಿರಲಿಲ್ಲ. ಕೆಲವೇ ದಿನಗಳ ಹಿಂದೆ ನಮ್ಮ ಅಡುಗೆಮನೆಯಲ್ಲಿ ಮೇಲಿನ ಗೂಡಿನಿಂದ ಡಬ್ಬಿ ತೆಗೆಯಲು ತಲೆ ಎತ್ತಿದವಳು ಹಾಗೇ ಕಟ್ಟೆಯ ಅಂಚು ಹಿಡಿದು ಕುಸಿದಿದ್ದಳು. ಡಬ್ಬಿ ಉರುಳಿ ಸಕ್ಕರೆ ನೆಲವೆಲ್ಲ. ಕಣ್ಣು ಮುಚ್ಚಿಕೊಂಡೇ ನನ್ನ ಕೈ ಹಿಡಿದು, "ಯಾರಿಗೂ ಹೇಳ್ಬೇಡ ಅಕ್ಕ. ಹೇಳಿದ್ರೆ ನನ್ನ ದಡದಲ್ಲಿ ಕೂರಿಸಿ ಟೀ ಕಾಯಿಸು ಅಂತಾರೆ" ಎಂದಿದ್ದಳು. ಹೇಳುವುದಿಲ್ಲ ಎಂದಿದ್ದೆ. ಸಕ್ಕರೆ ಗುಡಿಸಿದರೂ ಇನ್ನೂ ಕಾಲಿಗೆ ಅಂಟುತ್ತಿತ್ತು. ನಾನು ಕೊಟ್ಟ ಮಾತೂ ಹಾಗೇ.

ಹೋಗುವಾಗ ನೀರು ಎಣ್ಣೆ ಹಾಕಿ ಒರೆಸಿದ ಹಾಗಿತ್ತು. ಕೆರೆಯ ನಡುವಿನ ದಿಬ್ಬಕ್ಕೆ ಹೋಗಿ ಬ್ರೆಡ್ಡು, ಬೇಯಿಸಿದ ಮೊಟ್ಟೆ ತಿಂದು, ಟೀ ಕುಡಿದೆವು. ಬೇಕರಿಯವನೂ ಅವನ ಹೆಂಡತಿಯೂ ತಮ್ಮ ದೋಣಿಯೊಳಗೆ ನೀರು ಜಿನುಗುತ್ತಿದೆ ಎಂದು ಬೈದಾಡಿಕೊಳ್ಳುತ್ತಿದ್ದರು.

"ದೋಣಿ ಸರಿಯಾಗೇ ಇದೆ, ನಿನ್ನ ಭಾರಕ್ಕೆ ಅಳ್ತಾ ಇದೆ ಅದು" ಎಂದಳು ಅವಳು.

"ನಾನಲ್ಲ ಕಣೆ, ನೀನು ತಂದಿರೋ ಚೀಲದ ಭಾರ. ಮನೆ ಖಾಲಿ ಮಾಡ್ಕೊಂಡು ಬಂದಿದ್ದೀಯ."

ಮೋಡ ಏಳುತ್ತಿದೆ ಎಂದು ಡಾಕ್ಟರು ಎಲ್ಲರನ್ನೂ ಬೇಗ ಹೊರಡಿಸಿದಳು. ಬಾಲದವರು ಜಾಗ ನೋಡಿ, ಬಿದ್ದ ಕಾಗದ ಮೊಟ್ಟೆಸಿಪ್ಪೆ ಎತ್ತಿ, ಕೊನೆಗೆ ಹೊರಡಬೇಕು. ನಾವು ದೋಣಿಗಿಳಿಯುವಷ್ಟರಲ್ಲಿ ಉಳಿದವರೆಲ್ಲ ಜೊಂಡಿನ ನಡುವಿನ ಓಣಿಯೊಳಗೆ ಹೊಕ್ಕಾಗಿತ್ತು. ದಿಬ್ಬದ ಸುತ್ತ ಆಳೆತ್ತರದ ಜೊಂಡು, ಅದರ ನಡುವೆ ಹಾವಿನಂತೆ ತಿರುಗುವ ನೀರಿನ ದಾರಿ. ಅದು ಮುಗಿದರೆ ಬಯಲು ನೀರು, ಅದರಾಚೆ ನಮ್ಮ ದಡ.

ಓಣಿಯ ಕೊನೆಯ ತಿರುವಿನಲ್ಲಿ ಬೇಕರಿಯವನ ದೋಣಿ ಜೊಂಡಿಗೆ ಒತ್ತಿ ನಿಂತಿತ್ತು. ಒಳಗೆ ಯಾರೂ ಕಾಣಲಿಲ್ಲ. ಪಕ್ಕದಲ್ಲಿ ಒಂದು ಹುಟ್ಟು ನೆಟ್ಟಗೆ ನಿಂತಿತ್ತು.

ತಂಗಿ ಹುಟ್ಟನ್ನು ಅಡ್ಡ ಹಿಡಿದು ದೋಣಿ ನಿಲ್ಲಿಸಿದಳು. ಇದು ನಮ್ಮಲ್ಲಿನ ಇನ್ನೊಂದು ಪದ್ಧತಿ. ದಾರಿಯಲ್ಲಿ ಯಾರಿಗಾದರೂ ಮರೆಗೆ ಹೋಗಬೇಕೆನಿಸಿದರೆ ದೋಣಿ ಪಕ್ಕಕ್ಕೆ ಒತ್ತಿ ಹುಟ್ಟು ನೆಟ್ಟು, ಗಟ್ಟಿ ನೆಲ ನೋಡಿ ಇಳಿದು ಹೋಗುತ್ತಾರೆ. ಹುಟ್ಟು ನೆಟ್ಟಗೆ ಕಂಡರೆ ಉಳಿದವರು ಅತ್ತ ನೋಡುವುದಿಲ್ಲ, ಕೂಗುವುದಿಲ್ಲ, ಹತ್ತಿರ ಹೋಗುವುದಿಲ್ಲ. ದೂರ ನಿಂತು ಬೇರೆ ಕಡೆ ಮುಖ ಮಾಡಿ ಕಾಯುತ್ತಾರೆ. ಹೆಂಗಸರೂ ಗಂಡಸರೂ ಕೂಡಿ ಹೋಗುವ ಕಡೆ ಇದೊಂದು ಮರ್ಯಾದೆ.

ನಾವೂ ಮುಖ ತಿರುಗಿಸಿ ಕಾದೆವು.

"ತಿಂದಿದ್ದೇನ್ ಕಡಿಮೆನಾ? ಹೊತ್ತಾಗ್ಲಿ ಬಿಡು" ಎಂದಳು ತಂಗಿ.

"ಇಬ್ರೂ ಒಟ್ಟಿಗೇ ಹೋಗಿದ್ದಾರಲ್ಲ?"

"ಅವಳು ಕಾವಲಿಗೆ ಹೋಗಿರ್ತಾಳೆ. ಮಾತಾಡ್ಬೇಡ, ಕೇಳಿಸುತ್ತೆ ಅವ್ರಿಗೆ."

ಕಾದೆವು. ಜೊಂಡಿನ ತುದಿಗಳು ಮೊದಲು ಒಂದೊಂದಾಗಿ ಅಲುಗುತ್ತಿದ್ದವು, ಆಮೇಲೆ ಎಲ್ಲ ಒಟ್ಟಿಗೆ ಒಂದೇ ಕಡೆಗೆ ಬಾಗತೊಡಗಿದವು. ಬಿಸಿಲು ಹೋಯಿತು. ಬಯಲು ನೀರಿನ ಕಡೆಯಿಂದ ಚಪ್ಪಾಳೆ ತಟ್ಟಿದಂಥ ಸದ್ದು. ಮುಂದಿನ ದೋಣಿಗಳ ಮಾತು, ನಗು ಯಾವುದೂ ಈಗ ಕೇಳಿಸುತ್ತಿರಲಿಲ್ಲ.

"ಕೂಗೋಣ್ವಾ?"

"ಬೇಡ ಅಂದ್ನಲ್ಲ."

"ಏನಾದ್ರೂ ಆಗಿದ್ರೆ ಅವ್ರಿಗೆ?"

ಸ್ವಲ್ಪ ಹೊತ್ತಿನ ಮೇಲೆ ಅವಳೇ ಕೂಗಿದಳು, "ಬೇಕರಿ ಅಣ್ಣಾ!" ಜೊಂಡು ಸರಸರ ಎಂದಿತು, ಅಷ್ಟೆ. ಇನ್ನೊಮ್ಮೆ ಅವನ ಹೆಂಡತಿಯನ್ನು ಕೂಗಿದಳು. ಎಲ್ಲೋ ಒಂದು ಹಕ್ಕಿ ರೆಕ್ಕೆ ಬಡಿದು ಎದ್ದು ಹೋಯಿತು.

"ಹತ್ರ ಹೋಗಿ ನೋಡೋಣ" ಎಂದೆ.

"ಬಾಲ ದಾಟಬಾರ್ದು."

"ದಾಟೋದ್ ಬೇಡ, ನೋಡೋಣ."

"ನೋಡಿ, ಅವ್ರು ಹೇಗಿರ್ತಾರೋ ಹಾಗೆ ಕಂಡ್ರೆ? ನಾಳೆ ಅವ್ನ ಅಂಗಡಿಗೆ ಯಾವ್ ಮುಖ ಇಟ್ಕೊಂಡ್ ಹೋಗ್ತೀಯ?"

ನಗಬೇಕಾದ ಮಾತು. ಆದರೆ ಅವಳ ದನಿಯಲ್ಲಿ ನಗು ಇರಲಿಲ್ಲ. ಇವತ್ತು ಒಂದೂ ತಪ್ಪಾಗಬಾರದು ಎಂಬ ಹಟ ಇತ್ತು. ನನ್ನ ಕಿವಿ ಪೂರ್ತಿ ಹಿಂದಕ್ಕೇ ಇತ್ತು. ಗಾಳಿಗೆ ದೋಣಿ ಸರಿಯದಂತೆ ಅವಳು ಆಗೊಮ್ಮೆ ಈಗೊಮ್ಮೆ ಹುಟ್ಟು ಹಾಕುತ್ತಿದ್ದಳು. ನೀರಿಗಿಳಿಯುವ ಸದ್ದು, ಹನಿ, ಉಸಿರು. ಮತ್ತೆ ನೀರು, ಹನಿ.

ಉಸಿರು ಬರಲಿಲ್ಲ.

ದೋಣಿ ತಾನಾಗಿ ಅಡ್ಡ ತಿರುಗಿತು. ನನ್ನ ಹಿಂದೆ ಏನೋ ಭಾರ ಹಲಗೆಯಿಂದ ಜಾರಿ ತಳಕ್ಕೆ ಬಿದ್ದಂತಾಯಿತು, ದೋಣಿ ಎಡಕ್ಕೆ ವಾಲಿ ಒಂದು ಬೊಗಸೆ ನೀರು ಒಳಬಂತು.

"ಅಕ್ಕಾ." ಅಷ್ಟು ಸಣ್ಣ ದನಿಯಲ್ಲಿ ಅವಳು ಚಿಕ್ಕವಳಿದ್ದಾಗ ಮಾತ್ರ ಕರೆದಿದ್ದಳು. "ಅಕ್ಕಾ, ನೀರೆಲ್ಲ ಸುತ್ತುತ್ತಾ ಇದೆ."

"ಕೆಳಗೇ ಕೂತ್ಕೋ. ಏಳ್ಬೇಡ. ಎರಡೂ ಕಡೆ ಅಂಚು ಹಿಡ್ಕೋ."

"ಹಿಡ್ಕೊಂಡಿದ್ದೀನಿ. ನನ್ ಹುಟ್ಟು?"

"ಇದ್ಯಾ ದೋಣೀಲಿ?"

"ಇದೆ."

ಗಾಳಿ ನಮ್ಮನ್ನು ಓಣಿಯೊಳಕ್ಕೆ ಹಿಂದಕ್ಕೆ ತಳ್ಳುತ್ತಿತ್ತು. ದಿಕ್ಕು ಹಿಡಿಯುವುದು ಹೇಗೆಂದು ನನಗೆ ಗೊತ್ತಿರಲಿಲ್ಲ. ಗೊತ್ತಿದ್ದುದು ಬಲವಾಗಿ ಹುಟ್ಟು ಹಾಕುವುದೊಂದೇ. ಹಾಕಿದೆ. ದೋಣಿ ಹೋಗಿ ಜೊಂಡಿಗೆ ನುಗ್ಗಿ, ಬೇಕರಿಯವನ ದೋಣಿಗೆ ಢಿಕ್ಕಿ ಹೊಡೆದು ನಿಂತಿತು. ನೆಟ್ಟಿದ್ದ ಹುಟ್ಟನ್ನು ತಬ್ಬಿ ಹಿಡಿದೆ. ಅದು ಆಳಕ್ಕೆ ಕೆಸರಿನಲ್ಲಿ ಇಳಿದಿತ್ತು, ಮತ್ತು ದೋಣಿಯ ಹಗ್ಗವನ್ನು ಅದಕ್ಕೆ ಬಿಗಿದು ಕಟ್ಟಿತ್ತು. ಮರೆಗೆ ಹೋಗುವವರು ಯಾರೂ ಹಾಗೆ ಕಟ್ಟಿ ಹೋಗುವುದಿಲ್ಲ.

ಒಳಗೆ ಬಗ್ಗಿ ನೋಡಿದೆ. ಪಾದ ಮುಳುಗುವಷ್ಟು ನೀರು. ಅದರಲ್ಲಿ ಬೇಕರಿಯವನ ಟೋಪಿ ತೇಲುತ್ತಿತ್ತು. ಆಮೇಲೆ ಚೀಲಗಳನ್ನು ಹುಡುಕಿದೆ. ಒಂದೂ ಇರಲಿಲ್ಲ. ಮುಳುಗಿದವರು ಚೀಲ ಎತ್ತಿಕೊಂಡು ಮುಳುಗುತ್ತಾರೆಯೇ?

"ದೋಣಿ ಸೋರಿದೆ ಕಣೆ. ಅವ್ರು ಬೇರೆಯವ್ರ ದೋಣಿ ಹತ್ಕೊಂಡು ಹೋಗಿದ್ದಾರೆ. ಹಗ್ಗ ಕಟ್ಟೋಕೆ ನೆಟ್ಟ ಹುಟ್ಟು ಇದು."

ಆಮೇಲೆ ತಂಗಿ, "ಅಂದ್ರೆ ನಾವು ಇಷ್ಟೊತ್ತು ಖಾಲಿ ದೋಣಿಗೆ ಮರ್ಯಾದೆ ಕೊಟ್ವಾ?" ಎಂದಳು.

ಫೋನಿತ್ತು ಅವಳ ಹತ್ತಿರ, ಆದರೆ ಜೊಂಡಿನೊಳಗೆ ಅದಕ್ಕೆ ಸಿಗ್ನಲ್ ಸಿಗುತ್ತಿರಲಿಲ್ಲ. "ಇಲ್ಲೇ ಇರೋಣ. ಹುಡುಕ್ಕೊಂಡು ಬರ್ತಾರೆ" ಎಂದೆ.

"ಬಂದ್ರೆ ನಾನು ಹೀಗೆ ಬಿದ್ದಿರೋದನ್ನ ನೋಡ್ತಾರೆ."

"ನೋಡ್ಲಿ."

"ಅಕ್ಕ, ಇದೂ ಹೋದ್ರೆ ನನಗೇನಿದೆ ಹೇಳು?"

ನಿನಗೆ ನಾನಿದ್ದೀನಲ್ಲ ಎಂದು ಹೇಳಬಹುದಿತ್ತು. ಅಂಥ ಮಾತು ನಮ್ಮ ಮನೆಯಲ್ಲಿ ಯಾರೂ ಆಡಿದವರಲ್ಲ. ಅಷ್ಟರಲ್ಲಿ ಮೋಡ ಗುಡುಗಿತು. ಜೊಂಡಿನ ನಡುವೆ, ನೀರಿನ ಮೇಲೆ, ಸಿಡಿಲಿಗೆ ತಲೆಕೊಟ್ಟು ಕೂರುವುದೆಂದರೆ ಇಬ್ಬರಿಗೂ ಭಯ. ಹೊರಡಲೇಬೇಕು. ಆದರೆ ದಿಕ್ಕು ಹಿಡಿಯುವ ಜಾಗ ಅವಳ ಹಿಂದೆ, ನಾನಿರುವುದು ಮುಂದೆ. ಎದ್ದು ಜಾಗ ಬದಲಿಸಿದರೆ ಇಬ್ಬರೂ ನೀರುಪಾಲು.

"ತಿರುಗಿ ಕೂತ್ಕೋ" ಎಂದಳು ಅವಳು.

"ಹೇಗೆ?"

"ಆ ಹುಟ್ಟು ಹಿಡ್ಕೊಂಡೇ, ಒಂದು ಕಾಲು ಈಚೆ, ಆಮೇಲೆ ಇನ್ನೊಂದು. ದೋಣಿಗೇನು ಹಿಂದೆ ಮುಂದೆ ಇಲ್ಲ ಅಕ್ಕ. ಕೂತೋರಿಗೆ ಇರೋದು. ನೀನು ತಿರುಗಿದ್ರೆ ಅದೇ ಹಿಂದೆ."

ಸೊಂಟ ಹಿಡಿದುಕೊಂಡಿತು. ಒಂದು ಕಾಲು, ಆಮೇಲೆ ಇನ್ನೊಂದು. ಕೂತೆ. ನನ್ನ ತಂಗಿ ನನಗೆ ಎದುರಾಗಿ ದೋಣಿಯ ತಳದಲ್ಲಿ ಕೂತಿದ್ದಳು, ಸುಣ್ಣ ಬಳಿದಂಥ ಮುಖ, ಬಿಗಿಯಾಗಿ ಮುಚ್ಚಿದ ಕಣ್ಣು, ತುಟಿಯ ಮೇಲೆ ಬೆವರು. ನೀರಿನ ಮೇಲೆ ಅವಳ ಮುಖ ನಾನು ನೋಡಿದ್ದು ಅದೇ ಮೊದಲು.

"ಏನ್ ಕಾಣ್ತಿದೆ ಹೇಳು" ಎಂದಳು, ಕಣ್ಣು ತೆರೆಯದೆ.

"ಓಣಿ ಬಾಯಿ. ಆಚೆ ಅಲೆ. ದಡದಲ್ಲಿ ಬಿಳೀ ಶೆಡ್ಡು."

"ಗಾಳಿ ಎಲ್ಲಿಂದ?"

"ಮುಖಕ್ಕೇ ಹೊಡೀತಿದೆ."

"ಒಳ್ಳೇದು. ಅಲೆಗೆ ದೋಣಿ ಅಡ್ಡ ಕೊಡ್ಬೇಡ, ಮೂಗು ಕೊಡು. ಮೂಗು ಎಡಕ್ಕೆ ಹೋಗ್ತಿದ್ರೆ ಎಡಗಡೇನೇ ಹುಟ್ಟು ಹಾಕು. ಬಲಕ್ಕೆ ಹೋಗ್ತಿದ್ರೆ ಬಲಗಡೆ. ಜೋರು ಬೇಡ. ಬಸ್ಸಲ್ಲಿ ಜನ ಇದ್ದಾರೆ ಅಂದ್ಕೋ."

ಬಯಲು ನೀರಿಗೆ ಬಂದೆವು. ಅಲೆ ಎದ್ದು ದೋಣಿಯ ಮೂಗಿಗೆ ಬಡಿದು ಅವಳ ಬೆನ್ನಿನ ಮೇಲೆ ಚಿಮ್ಮುತ್ತಿತ್ತು. ಅವಳು ಮಿಸುಕಲಿಲ್ಲ. ಎಡಕ್ಕೆ ಹೋಗುತ್ತಿದೆ ಎಂದರೆ ಎಡಕ್ಕೆ ಹಾಕು ಎನ್ನುವಳು, ಬಲಕ್ಕೆ ಎಂದರೆ ಬಲಕ್ಕೆ ಎನ್ನುವಳು. ನನ್ನ ಕಣ್ಣು, ಅವಳ ಬುದ್ಧಿ. ತೋಳು ಸೋತು ಮರದ ಕೊರಡಾಯಿತು. ಇಸ್ತ್ರಿಪೆಟ್ಟಿಗೆ ನೂಕಿದ ತೋಳು, ಹೇಗೋ ತಡೆಯಿತು. ಶೆಡ್ಡು ಹತ್ತಿರವಾಗುತ್ತಿಲ್ಲ ಎಂದೇ ಬಹಳ ಹೊತ್ತು ಅನಿಸಿತು. ಅವಳ ತಲೆ ಒಮ್ಮೆ ಪಕ್ಕಕ್ಕೆ ವಾಲಿದಾಗ ನಾನು ಹುಟ್ಟು ಬಿಟ್ಟು ಅವಳನ್ನು ಹಿಡಿಯಲು ಬಗ್ಗಿದೆ, ದೋಣಿ ಅಡ್ಡವಾಯಿತು.

"ನನ್ನ ನೋಡ್ಬೇಡ! ರಸ್ತೆ ನೋಡು!" ಎಂದು ಗದರಿದಳು.

ದಡದಲ್ಲಿ ಜನ ಓಡಾಡುವುದು ಕಾಣತೊಡಗಿದಾಗ ಅವಳ ಮುಖಕ್ಕೆ ಬಣ್ಣ ಬಂದಿತ್ತು. ಕಣ್ಣು ತೆರೆದಳು. ಮೆಲ್ಲಗೆ ಹಲಗೆಯ ಮೇಲೇರಿ, ದಡದ ಕಡೆ ತಿರುಗಿ ಕೂತು ಹುಟ್ಟು ಎತ್ತಿಕೊಂಡಳು. ಈಗ ಅವಳು ಮುಂದೆ, ನಾನು ಹಿಂದೆ.

"ಹೋಯ್ತು ಸುತ್ತು. ಗಾಳಿಗೆ ತಡ ಆಯ್ತು ಅಂತ ಹೇಳೋಣ. ಅಷ್ಟೆ. ಆಯ್ತಾ ಅಕ್ಕ?"

ನಾನು ಹ್ಞೂಂ ಎನ್ನಲಿಲ್ಲ, ಉಹ್ಞೂಂ ಎನ್ನಲಿಲ್ಲ.

ಡಾಕ್ಟರು ಮೊಣಕಾಲುದ್ದ ನೀರಿನಲ್ಲಿ ನಿಂತಿದ್ದಳು. ಪಕ್ಕದಲ್ಲಿ ನಮ್ಮನ್ನು ಹುಡುಕಲು ಹೊರಟಿದ್ದ ಎರಡು ದೋಣಿ. ಅವಳ ಮುಖ ಬಿಳಿಚಿತ್ತು. "ನನ್ದೇ ತಪ್ಪು ಡ್ರೈವರಮ್ಮ. ಓಣೀಲಿ ಬೇಕರಿಯವ್ರ ದೋಣಿ ಸೋರ್ತು. ಅವ್ರನ್ನ ಹತ್ತಿಸ್ಕೊಳ್ಳೋ ಗಡಿಬಿಡೀಲಿ ನಿಮಗೆ ಹೇಳಿ ಕಳಿಸೋದೇ ಮರೆತೆ. ಇಲ್ಲಿಗೆ ಬಂದಮೇಲೆ ಬಾಲ ಎಲ್ಲಿ ಅಂತ..."

"ನನ್ ಟೋಪಿ ತಂದ್ರಾ?" ಎಂದ ಬೇಕರಿಯವನು ಹಿಂದಿನಿಂದ. ಅವನ ಹೆಂಡತಿ ಅವನ ಬೆನ್ನಿಗೊಂದು ಗುದ್ದಿದಳು. ಎಲ್ಲರೂ ನಕ್ಕರು. ಹೆದರಿದ್ದವರ ನಗು ಅದು.

"ಗಾಳಿ ಡಾಕ್ಟ್ರೇ. ಅದಕ್ಕೇ ತಡ" ಎಂದು ತಂಗಿಯೂ ನಕ್ಕಳು.

ಡಾಕ್ಟರು ನಗಲಿಲ್ಲ. ನಮ್ಮ ದೋಣಿಯ ಮುಂತುದಿಯನ್ನು ಹಿಡಿದು ದಡಕ್ಕೆ ಎಳೆಯಲು ಬಗ್ಗಿದವಳು ಹಾಗೇ ನಿಂತಳು. ಅವಳ ಕೈಗೆ ಒದ್ದೆ ಕೆಂಪು ಬಟ್ಟೆ ಸುತ್ತಿಕೊಂಡಿತ್ತು. ಬೆಳಿಗ್ಗೆ ಹಿಂತುದಿಗೆ ಕಟ್ಟಿದ್ದ ಬಟ್ಟೆ. ಅದನ್ನು ನಾವಿಬ್ಬರೂ ಮರೆತಿದ್ದೆವು.

"ಬಾಲ ಯಾಕೆ ಮುಂದಿದೆ?" ಎಂದು ಕೇಳಿದಳು. ಬಟ್ಟೆಯನ್ನು ನೋಡಿದಳು, ಮುಂದೆ ಕೂತ ತಂಗಿಯನ್ನು ನೋಡಿದಳು, ಆಮೇಲೆ ಹಿಂದೆ ಕೂತ ನನ್ನನ್ನು. "ನೀವ್ಯಾಕೆ ಹಿಂದಿದ್ದೀರಿ ಅಕ್ಕ?"

ತಂಗಿಯ ಬೆನ್ನು ಕಲ್ಲಾಯಿತು. ತಿರುಗಿ ನೋಡಲಿಲ್ಲ ಅವಳು. ನೋಡಿದ್ದರೆ ನಾನು ಸುಮ್ಮನಿರುತ್ತಿದ್ದೆನೋ ಏನೋ. ಆ ಬೆನ್ನಿನ ಮೇಲೆ ಅಲೆ ಚಿಮ್ಮಿದ ನೀರು ಇನ್ನೂ ಇಳಿಯುತ್ತಿತ್ತು.

"ತಲೆ ಸುತ್ತು ಬಂತು ಅವಳಿಗೆ" ಎಂದೆ. "ಮನೇಲೂ ಒಂದ್ಸಲ ಬಂದಿತ್ತು."

ಡಾಕ್ಟರು ಗಂಟು ಬಿಚ್ಚಿ, ಬಟ್ಟೆ ಹಿಂಡಿ, ತನ್ನ ಭುಜದ ಮೇಲೆ ಹಾಕಿಕೊಂಡಳು. ಅಷ್ಟೆ.

ತಂಗಿ ನನ್ನ ಜೊತೆ ಮಾತು ಬಿಟ್ಟಳು. ಟೀ ಲೋಟ ಮೇಜಿನ ಮೇಲೆ ಇಟ್ಟರೆ ಕುಡಿಯುವಳು, ಕೈಗೆ ಕೊಟ್ಟರೆ ತೆಗೆದುಕೊಳ್ಳಳು. ರಾತ್ರಿ ಅವಳ ಕೋಣೆಯ ಬಾಗಿಲ ಬಳಿ ನಿಂತು ಉಸಿರು ಕೇಳಿ ಹೋಗಿ ಮಲಗುತ್ತಿದ್ದೆ. ಡಾಕ್ಟರೇ ಬಂದು ಅವಳನ್ನು ತನಗೆ ಗುರುತಿದ್ದ ಕಿವಿಯ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ಕಿವಿಯ ಒಳಗಿನ ತೊಂದರೆಯಂತೆ. ಹೋಗುತ್ತದಂತೆ, ಮತ್ತೆ ಬಂದರೂ ಬರುತ್ತದಂತೆ. ತಲೆಯನ್ನು ಹೀಗೆ ಹಾಗೆ ತಿರುಗಿಸುವ ವ್ಯಾಯಾಮ ಹೇಳಿ ಕಳಿಸಿದರು. ಬಾಲ ಇಲ್ಲ, ಹಿಂದಿನ ಹಲಗೆ ಇಲ್ಲ, ನದಿ ಈ ಬೇಸಿಗೆಗೆ ಇಲ್ಲ. ಕೆರೆಗೆ ಬರಬಹುದು, ಮುಂದೆ ಕೂತು ಎಂದಳು ನಮ್ಮ ಡಾಕ್ಟರು.

"ನಾನು ಮುಂದೆ ಕೂರಲ್ಲ" ಎಂದಿದ್ದಳಂತೆ ಅಲ್ಲಿ.

ಹಲವು ಭಾನುವಾರ ಇಬ್ಬರೂ ಮನೆಯಲ್ಲೇ ಉಳಿದೆವು. ಆಮೇಲೊಂದು ಬೆಳಿಗ್ಗೆ ನಾನು ಎದ್ದು ಬರುವಷ್ಟರಲ್ಲಿ ಅವಳು ಚಪ್ಪಲಿ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದಳು. "ನೀನು ಯಾರ್ ಜೊತೆ ಹೋದ್ರೂ ದೋಣಿ ಗುಂಡಗೆ ತಿರುಗಿಸ್ತೀಯ. ಅವ್ರಿಗ್ಯಾಕೆ ಆ ಕಷ್ಟ" ಎಂದಳು, ಗೋಡೆಯ ಕಡೆ ನೋಡುತ್ತ.

ಈಗ ಅವಳು ಮುಂದೆ ಕೂರುತ್ತಾಳೆ. ನಾನು ಹಿಂದೆ. "ಎಡಕ್ಕೆ, ಎಡಕ್ಕೆ! ನೀರಿಗೇನು ಇಸ್ತ್ರಿ ಹಾಕ್ತಿದ್ದೀಯಾ?" ಎಂದು ದಾರಿಯುದ್ದಕ್ಕೂ ಬೈಯುತ್ತಾಳೆ. ಬೈಯಲಿ. ನನ್ನ ಕಣ್ಣೆದುರಿಗೇ ಇದೆ ಅವಳ ಬೆನ್ನು, ಅವಳ ಕುತ್ತಿಗೆ, ಬಿಗಿದು ಕಟ್ಟಿದ ಬಿಳಿ ಕೂದಲು. ಕಾಣುತ್ತಿದ್ದರೆ ಹೆದರಿಕೆ ಕಡಿಮೆಯಾಗುತ್ತದೆ ಎಂದುಕೊಂಡಿದ್ದೆ. ಆಗಿಲ್ಲ. ಅವಳ ಹುಟ್ಟು ಒಂದು ಗಳಿಗೆ ಗಾಳಿಯಲ್ಲಿ ನಿಂತರೆ ನನ್ನದೂ ನಿಲ್ಲುತ್ತದೆ, ಕಣ್ಣು ಅವಳ ಕುತ್ತಿಗೆಯ ಮೇಲೆ ನಿಲ್ಲುತ್ತದೆ.

ಅವಳು ತಿರುಗುವುದಿಲ್ಲ. ಹಿಂದಿನ ಸದ್ದು ಕೇಳಿಯೇ ಅವಳಿಗೆ ತಿಳಿಯುತ್ತದೆ.

"ಇದ್ದೀನಿ ಕಣಕ್ಕ, ಎಲ್ಲೂ ಹೋಗಿಲ್ಲ" ಎನ್ನುತ್ತಾಳೆ. "ಹುಟ್ಟು ಹಾಕು."